"ಬರ್ತೇನೆ" ಅನ್ನದೆ ಹೊರಟ ಸಲ

ಮಂಗಳೂರಿನಲ್ಲಿ ಯಾರ ಮನೆಯಿಂದ ಹೊರಟರೂ ನಾವು "ಹೋಗ್ತೇನೆ" ಅನ್ನುವುದಿಲ್ಲ. ತುಳುವಿನಲ್ಲಾದರೆ "ಬರ್ಪೆ", ಕನ್ನಡದಲ್ಲಾದರೆ "ಬರ್ತೇನೆ". ಚಿಕ್ಕವನಿದ್ದಾಗ ಬಾಯಿತಪ್ಪಿ "ಹೋಗ್ತೇನೆ" ಅಂದರೆ ಅಮ್ಮ ಬಾಗಿಲಲ್ಲೇ ನಿಲ್ಲಿಸಿ ತಿದ್ದುತ್ತಿದ್ದರು. ಇದೇ ಅಭ್ಯಾಸ ತಾಂಜಾನಿಯಾದಲ್ಲಿ ನನ್ನನ್ನು ಸಿಕ್ಕಿಸಿ ಹಾಕಿತು.

ಮೊದಲ ಸಲ ನಮ್ಮ ಚರ್ಚಿನ ಸಭೆಯ ಒಂಬತ್ತು ಯುವಕ ಯುವತಿಯರ ಜೊತೆ ಮೂರು ವಾರದ ಸೇವೆಗೆ ಹೋಗಿದ್ದೆ. ಡೊಡೊಮಾ ಹತ್ತಿರದ ಒಂದು ಹಳ್ಳಿ. ಬೆಳಿಗ್ಗೆ ಶಾಲೆಯ ಕೋಣೆಗೆ ಗಾರೆ ಹಾಕುವುದು, ಸಂಜೆ ಮಕ್ಕಳಿಗೆ ಬೈಬಲ್ ಕಥೆ, ಹಾಡು. ಹೊರಡುವ ದಿನ ಹತ್ತು ವರ್ಷದ ಒಬ್ಬ ಹುಡುಗ ನನ್ನ ಅಂಗಿ ಹಿಡಿದು ನಿಂತ. ಗೊತ್ತಿದ್ದ ನಾಲ್ಕು ಸ್ವಾಹಿಲಿ ಮಾತಿನಲ್ಲಿ "ನಿತಾರೂಡಿ" ಅಂದೆ. ಅಂದರೆ, ವಾಪಸ್ ಬರ್ತೇನೆ. ನನ್ನ ಲೆಕ್ಕದಲ್ಲಿ ಅದು ಸುಮ್ನೆ ಹೊರಡುವಾಗಿನ ಮಾತು. ಅವನು ಕೇಳಿದ: "ಲೀನಿ?" ಯಾವಾಗ?

ನಮ್ಮೂರಲ್ಲಿ ಯಾರೂ ಹಾಗೆ ತಿರುಗಿ ಕೇಳುವುದಿಲ್ಲ, ಅಲ್ವಾ? ಗಲಿಬಿಲಿಯಲ್ಲಿ "ಮುಂದಿನ ವರ್ಷ" ಅಂದುಬಿಟ್ಟೆ.

ಮುಂದಿನ ವರ್ಷ ಹೋಗಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ಹುಡುಗ ಕೇಳುತ್ತಿದ್ದಾನೆ ಎಂದು ಅಲ್ಲಿಯ ಸಭಾಪಾಲಕರು ವಾಟ್ಸಾಪಿನಲ್ಲಿ ಬರೆಯುತ್ತಿದ್ದರು. ಬೇರೆ ಎಲ್ಲ ಮೆಸೇಜಿಗೂ ಉತ್ತರ ಬರೆಯುತ್ತಿದ್ದೆ. ಇದಕ್ಕೆ ಮಾತ್ರ ಕೈ ಮುಗಿದ ಇಮೋಜಿ.

ನಾಚಿಕೆಯಾಗಲು ಇನ್ನೊಂದು ಕಾರಣವೂ ಇತ್ತು. ನಾವು ಬಾಸೆಲ್ ಮಿಶನ್ ಊರಿನವರು. 1834ರಲ್ಲಿ ಸ್ವಿಟ್ಜರ್ಲೆಂಡಿನ ಆ ಕ್ರೈಸ್ತ ಸಂಸ್ಥೆಯ ಮಿಶನರಿಗಳು ಬಂದಿಳಿದ ಊರು ಇದು. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು 1843ರಲ್ಲಿ ಹೊರಡಿಸಿದ ಮಿಶನರಿ ಮೊಗ್ಲಿಂಗ್, 1860ರಲ್ಲಿ ಹೆಂಡತಿಯ ಕಾಯಿಲೆಯಿಂದಾಗಿ ಜರ್ಮನಿಗೆ ಮರಳಿದವರು ಮತ್ತೆ ಬರಲಿಲ್ಲ. 1881ರಲ್ಲಿ ಅಲ್ಲೇ ತೀರಿಕೊಂಡರು. ಕಳಿಸಿಕೊಟ್ಟು ಉಳಿದವರ ಮಕ್ಕಳು, ಮರಿಮಕ್ಕಳು ನಾವು. ಉಳಿದವರು ಕಾಯುತ್ತಾರೆ ಎಂಬುದು ನಮಗೇ ಮೊದಲು ಹೊಳೆಯಬೇಕಿತ್ತು.

ಮೂರು ವರ್ಷದ ಮೇಲೆ ಮತ್ತೆ ಅದೇ ಹಳ್ಳಿಗೆ ಹೋಗುವುದಾಯಿತು. ಈ ಸಲ ಹೊರಡುವ ಕೆಲಸವನ್ನು ಕೊನೆಯ ಗಂಟೆಗೆ ಬಿಡಲಿಲ್ಲ. ಎರಡು ದಿನ ಮೊದಲೇ ಗಾರೆ ಕೆಲಸ ನಿಲ್ಲಿಸಿದೆವು. ಮುಗಿಯದ ಗೋಡೆ ಮುಗಿಯದೇ ಇರಲಿ ಅಂದೆ. ತಂಡದ ಕೆಲವರಿಗೆ ಇದು ಹಿಡಿಸಲಿಲ್ಲ. ಇಬ್ಬಿಬ್ಬರಾಗಿ ಮನೆಮನೆಗೆ ಹೋಗಿ ಕೂತೆವು, ಚಹಾ ಕುಡಿದೆವು. "ನಿತಾರೂಡಿ" ಯಾರೂ ಹೇಳಬಾರದು ಎಂದು ಕಟ್ಟುನಿಟ್ಟು ಮಾಡಿದೆ. "ಆಸಾಂತೆ ಸಾನಾ" ಸಾಕು, ಅಂದರೆ ತುಂಬಾ ಥ್ಯಾಂಕ್ಸ್. ಆಮೇಲೆ "ಕ್ವಾಹೇರಿ", ಬೀಳ್ಕೊಡುವ ಮಾತು.

ಉಡುಗೊರೆಗಳನ್ನೆಲ್ಲ ಒಟ್ಟು ಮಾಡಿ ಸಭಾಪಾಲಕರ ಕೈಗೆ ಕೊಟ್ಟೆವು. ಮೊದಲ ಸಲ ನಮ್ಮ ಹುಡುಗಿಯೊಬ್ಬಳು ಪ್ರೀತಿಯಿಂದ ಒಂದು ಮಗುವಿಗೆ ತನ್ನ ವಾಚು ಬಿಚ್ಚಿ ಕೊಟ್ಟಿದ್ದಳು. ಉಳಿದ ಮಕ್ಕಳ ಮುಖ ನೋಡಲಾಗುತ್ತಿರಲಿಲ್ಲ.

ಸಮಯದ ವಿಷಯ ಹೇಳಿಬಿಡುತ್ತೇನೆ. ಅಲ್ಲಿ ಹಗಲಿನ ಲೆಕ್ಕ ಸೂರ್ಯ ಹುಟ್ಟಿದ ಮೇಲೆ ಶುರು. ಬೆಳಿಗ್ಗೆ ಏಳು ಅಂದರೆ ಅವರಿಗೆ ಒಂದು ಗಂಟೆ. ಮೊದಲ ಸಲ ಬೀಳ್ಕೊಡುಗೆ "ಸಾ ನಾನೆ", ಎಂಟು ಗಂಟೆಗೆ ಅಂದಿದ್ದರು. ನಾವು ಬೆಳಿಗ್ಗೆ ಎಂಟಕ್ಕೇ ಇಸ್ತ್ರಿ ಅಂಗಿ ಹಾಕಿ ಚರ್ಚಿನ ಮುಂದೆ ಹಾಜರ್. ಕಾರ್ಯಕ್ರಮ ಇದ್ದದ್ದು ಮಧ್ಯಾಹ್ನ ಎರಡಕ್ಕೆ.

ನನಗೆ ಜಾಸ್ತಿ ನೆನಪಿರುವುದು ಅಡುಗೆ ಮಾಡುತ್ತಿದ್ದ ಮಾಮಾ. ಅಲ್ಲಿ ಮಾಮಾ ಅಂದರೆ ಅಮ್ಮ. ಮೂರು ವಾರ ದಿನಾ ಉಗಾಲಿ ಮಾಡಿ ಹಾಕಿದವರು. ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಅದು. ಬೀಳ್ಕೊಡುಗೆಯ ಸಭೆಯಲ್ಲಿ ಇಂಥವರು ಯಾವಾಗಲೂ ಹಿಂದೆ ಪಾತ್ರೆ ತೊಳೆಯುತ್ತಿರುತ್ತಾರೆ. ಹಾಗಾಗಿ ಈ ಸಲ ನಾನೇ ಅಡುಗೆಮನೆಗೆ ಹೋದೆ. ಹೊಗೆಗೆ ಕಣ್ಣೀರು ಬರುತ್ತಿದ್ದದ್ದು ಒಳ್ಳೆಯದೇ ಆಯಿತು, ವಿವರಿಸಬೇಕಾಗಲಿಲ್ಲ. ಮಾಮಾ ಕೈ ಒರೆಸಿಕೊಂಡು ನನ್ನ ಹೆಗಲಿಗೆ ಒಂದು ಕಾಂಗಾ ಹೊದಿಸಿದರು. ಅಲ್ಲಿಯ ಹೆಂಗಸರು ಸೊಂಟಕ್ಕೆ ಸುತ್ತುವ ಬಟ್ಟೆ ಅದು. ಅದರ ಮೇಲೆ ಒಂದು ಮಾತು ಅಚ್ಚಾಗಿರುತ್ತದೆ. ನನ್ನದರಲ್ಲಿ ಇದ್ದದ್ದು: "ಹರಾಕಾ ಹರಾಕಾ ಹೈನಾ ಬರಾಕಾ." ಅವಸರ ಅವಸರದಲ್ಲಿ ಬರಕತ್ತಿಲ್ಲ. ಬರಾಕಾ ಅಂದಾಗಲೇ ಅರ್ಥವಾಯಿತು, ನಮ್ಮ ಬರಕತ್ತೇ ಅದು. ನಾವು ಗಾರೆ ಮೆತ್ತಿದ ಚಂದ ನೋಡಿಯೇ ಆರಿಸಿದರೋ ಏನೋ. ನಮ್ಮ ಗೋಡೆಯನ್ನು ಊರಿನ ಮೇಸ್ತ್ರಿ ಸಂಜೆ ಬಂದು ಸರಿ ಮಾಡಿ ಹೋಗುತ್ತಿದ್ದ ವಿಷಯ ಮಾಮಾನಿಗೆ ಚೆನ್ನಾಗಿ ಗೊತ್ತಿತ್ತು. ಆ ಮೇಸ್ತ್ರಿಯ ಮನೆಗೂ ಹೋಗಿ ತಪ್ಪಾಯಿತು ಅಂದೆವು. ಅವರು ಹೊಟ್ಟೆ ಹಿಡಿದು ನಕ್ಕರು.

ಕೊನೆಯ ಬೆಳಿಗ್ಗೆ ಪ್ರಾರ್ಥನೆ ಆಯಿತು, ಹಾಡಾಯಿತು, ಅಳುವುದೂ ಆಯಿತು. ಬಸ್ ಮಾತ್ರ ಬರಲಿಲ್ಲ. ಎರಡು ಗಂಟೆ ರಸ್ತೆ ಬದಿಯಲ್ಲಿ ನಿಂತೆವು. ಬೀಳ್ಕೊಟ್ಟವರೂ ವಾಪಸ್ ಹೋಗುವ ಹಾಗಿಲ್ಲ. ಯಾರೋ ಹುರಿದ ನೆಲಗಡಲೆ ತಂದರು.

ಆ ಹುಡುಗ ಈಗ ನನ್ನ ಹೆಗಲೆತ್ತರ. ದನಿ ಒಡೆದಿತ್ತು. ನೆಲಗಡಲೆ ಸುಲಿಯುತ್ತಾ ನನ್ನನ್ನು ನೋಡಿ, ತಮಾಷೆಗೋ ನಿಜಕ್ಕೋ, "ಲೀನಿ?" ಅಂದ.

"ಸಿಜೂಯಿ" ಅಂದೆ. ಗೊತ್ತಿಲ್ಲ.

ಅವನು ತಲೆ ಅಲ್ಲಾಡಿಸಿ ತನ್ನ ಕೈಯಲ್ಲಿದ್ದ ಕಾಳಿನಲ್ಲಿ ಅರ್ಧ ನನಗೆ ಸುರಿದ. ಅಷ್ಟರಲ್ಲಿ ಬಸ್ ಬಂತು. ಕಂಡಕ್ಟರ್ ಬೈಯುತ್ತಾ ನಮ್ಮ ಬ್ಯಾಗುಗಳನ್ನು ಒಳಗೆ ತಳ್ಳತೊಡಗಿದ. ಎರಡನೇ ಸಲ ಅಳಲು ಯಾರಿಗೂ ಪುರುಸೊತ್ತಿರಲಿಲ್ಲ.