ಪಾಲಿಕೆಯ ಹುಲ್ಲಿನ ಮದ್ದಿಗೆ ನಿಮ್ಮ ಮಲ್ಲಿಗೆ ಒಣಗಿತೇ? ಪರಿಹಾರ ಕೇಳುವುದು ಹೀಗೆ

ಮಳೆ ಕಡಿಮೆಯಾಗುವ ಹೊತ್ತಿಗೆ ಮಂಗಳೂರು, ಉಡುಪಿ ಕಡೆ ರಸ್ತೆ ಬದಿಯ ಹುಲ್ಲು ಸೊಂಟದೆತ್ತರ ಬೆಳೆದಿರುತ್ತದೆ. ಅದನ್ನು ಕತ್ತರಿಸಲು ಆಳು ಸಿಗುವುದಿಲ್ಲ. ಕೆಲವು ಗುತ್ತಿಗೆದಾರರು ಬೆನ್ನಿಗೆ ಪಂಪು ಕಟ್ಟಿಕೊಂಡ ಒಬ್ಬರನ್ನು ಕಳಿಸಿ ಹುಲ್ಲು ಸಾಯಿಸುವ ಮದ್ದು (ಕಳೆನಾಶಕ) ಬಿಡಿಸುತ್ತಾರೆ. ವಾರ ಕಳೆದ ಮೇಲೆ ಕಂಪೌಂಡಿನ ಒಳಗಿನ ಬಸಳೆ, ಮಲ್ಲಿಗೆ ಹಳದಿಯಾಗುತ್ತವೆ. ಆಗ ಹೆಚ್ಚಿನವರು ಗಿಡ ಕಿತ್ತು ಎಸೆಯುತ್ತಾರೆ. ಆಮೇಲೆ ಗುರುತಿನ ಪುಢಾರಿಗೆ ಫೋನ್ ಮಾಡಿ ಬೈಯುತ್ತಾರೆ. ಸಾಕ್ಷಿಯನ್ನೇ ಕಸದ ಗಾಡಿಗೆ ಹಾಕಿದ ಮೇಲೆ ಬೈದು ಏನು ಪ್ರಯೋಜನ?

ಹೆಜ್ಜೆ 1: ಮದ್ದು ಬಿಡುವುದು ಕಣ್ಣಿಗೆ ಬಿದ್ದರೆ

ಮೊದಲು ವಿಡಿಯೊ ಮಾಡಿ. ಕ್ಯಾನಿನ ಲೇಬಲ್ ತೋರಿಸಲು ಕೇಳಿ, ಅದರ ಫೋಟೊ ತೆಗೆಯಿರಿ. ಪಂಪು ಹಿಡಿದವರ ಮೇಲೆ ರೇಗಬೇಡಿ, ದಿನಗೂಲಿಗೆ ಬಂದವರು ಅವರು. ತಕ್ಷಣ ಪೈಪಿನಲ್ಲಿ ನೀರು ಬಿಟ್ಟು ಎಲೆಗಳನ್ನು ಚೆನ್ನಾಗಿ ತೊಳೆಯಿರಿ. ಬೇಗ ತೊಳೆದರೆ ಗಿಡ ಉಳಿಯುವುದುಂಟು. ಮದ್ದು ಬಿದ್ದ ಸೊಪ್ಪು, ತರಕಾರಿ ಅಡುಗೆಗೆ ಬೇಡ.

ಎದುರು ಮನೆಯಲ್ಲಿ ಸಿಸಿ ಕ್ಯಾಮೆರಾ ಇದ್ದರೆ ಅದೇ ದಿನ ಹೋಗಿ ಕೇಳಿ. ಹಳೆಯ ದೃಶ್ಯ ಕೆಲವೇ ದಿನಗಳಲ್ಲಿ ತಾನಾಗಿ ಅಳಿಸಿಹೋಗುತ್ತದೆ.

ಹೆಜ್ಜೆ 2: ರೋಗವಲ್ಲ, ಮದ್ದೇ ಎಂದು ತೋರಿಸುವುದು

ಹೆಚ್ಚಿನ ಅರ್ಜಿ ಬಿದ್ದುಹೋಗುವುದು ಇಲ್ಲೇ. ಕಚೇರಿಯಲ್ಲಿ ಸಿಗುವ ಮೊದಲ ಉತ್ತರ "ಅದು ಮಳೆಗಾಲದ ರೋಗ, ನಮ್ಮ ಮದ್ದಲ್ಲ" ಎಂದೇ. ಅವರ ಮಾತಿನಲ್ಲೂ ಸತ್ಯ ಇಲ್ಲದಿಲ್ಲ. ಬಸಳೆಗೆ ಮಳೆಗಾಲದಲ್ಲಿ ಚುಕ್ಕೆ ರೋಗ ಬರುತ್ತದೆ, ಮೆಣಸಿನ ಗಿಡದ ಎಲೆ ನುಸಿಯಿಂದ ಮುದುಡುತ್ತದೆ. ಹಾಗಾಗಿ ಒಂದು ಗಿಡದ ಹತ್ತು ಫೋಟೊಗಳಿಂದ ಏನೂ ಆಗುವುದಿಲ್ಲ.

ತೋರಿಸಬೇಕಾದದ್ದು ಹಾನಿ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು. ರಸ್ತೆಯಲ್ಲಿ ನಿಂತು ಒಂದು ಫೋಟೊ ತೆಗೆಯಿರಿ. ಚರಂಡಿ ಬದಿಯ ಸತ್ತ ಹುಲ್ಲು, ಕಂಪೌಂಡು, ಅದರಾಚೆಯ ನಿಮ್ಮ ಗಿಡ, ಮೂರೂ ಒಂದೇ ಚಿತ್ರದಲ್ಲಿ ಬರಲಿ. ಆಮೇಲೆ ಗೋಡೆಯಿಂದ ಅಂಗಳದ ಕಡೆಗೆ ಹೆಜ್ಜೆ ಹೆಜ್ಜೆಗೆ ಒಂದೊಂದು ತೆಗೆಯಿರಿ. ಗೋಡೆ ಹತ್ತಿರ ಹಾನಿ ಜಾಸ್ತಿ, ಒಳಗೆ ಹೋದಂತೆ ಕಡಿಮೆ ಇದ್ದರೆ ಅದು ಗಾಳಿಯಲ್ಲಿ ಹಾರಿಬಂದ ಮದ್ದಿನ ಗುರುತು. ದಾಸವಾಳ, ಅಲಸಂಡೆ, ಕೆಸು ಎಲ್ಲ ಒಂದೇ ವಾರ, ಒಂದೇ ಮಗ್ಗುಲಿನಲ್ಲಿ ಒಣಗಿದ್ದರೆ ಇನ್ನೂ ಒಳ್ಳೆಯ ಸಾಕ್ಷಿ. ಒಂದೇ ರೋಗ ಅಷ್ಟು ಜಾತಿಯ ಗಿಡಗಳಿಗೆ ಒಟ್ಟಿಗೆ ಬರುವುದು ತೀರಾ ಅಪರೂಪ. ಮರೆಯಲ್ಲಿದ್ದು ಹಸಿರಾಗಿಯೇ ಉಳಿದ ಗಿಡದ ಫೋಟೊವನ್ನೂ ಮರೆಯಬೇಡಿ.

ನಮ್ಮ ಕರಾವಳಿಯಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಕಡಲಿನಿಂದ, ಅಂದರೆ ಪಡುವಣದಿಂದ ಬೀಸುತ್ತದೆ. ಆ ಹೊತ್ತಿಗೆ ಮದ್ದು ಬಿಟ್ಟಿದ್ದರೆ ರಸ್ತೆಯ ಮೂಡು ಬದಿಯ ಮನೆಗಳಿಗೆ ಪೆಟ್ಟು ಹೆಚ್ಚು. ಮದ್ದು ಬಿಟ್ಟ ಹೊತ್ತು, ನಿಮ್ಮ ಮನೆ ಇರುವ ಬದಿ, ಎರಡನ್ನೂ ಬರೆದಿಡಿ.

ಎಲೆಯೂ ಕಥೆ ಹೇಳುತ್ತದೆ, ಒಂದೊಂದು ಕಳೆನಾಶಕದ ಗುರುತು ಒಂದೊಂದು ಥರ. ಪ್ಯಾರಾಕ್ವಾಟ್ ಆದರೆ ಬಿಸಿಲು ಬಿದ್ದ ಒಂದೆರಡು ದಿನದಲ್ಲೇ ಹನಿ ಬಿದ್ದಲ್ಲಿ ಮಾತ್ರ ಸುಟ್ಟ ಕಲೆ, ಹೊಸ ಚಿಗುರು ಚೆನ್ನಾಗಿಯೇ ಬರುತ್ತದೆ. ಗ್ಲೈಫೋಸೇಟ್ ನಿಧಾನ. ವಾರ, ಹತ್ತು ದಿನದ ಮೇಲೆ ಚಿಗುರಿನಿಂದ ಹಳದಿ ಶುರುವಾಗುತ್ತದೆ. ಬದುಕುಳಿದ ಗಿಡದಲ್ಲಿ ಆಮೇಲೆ ಬರುವ ಎಲೆ ಸಪೂರ, ಗೊಂಚಲು ಗೊಂಚಲಾಗಿ ಇರುತ್ತದೆ. 2,4-ಡಿ ಬಿಟ್ಟಿದ್ದರೆ ಅಗಲ ಎಲೆಯ ಗಿಡಗಳ ಕಾಂಡ, ಎಲೆ ತಿರುಚಿಕೊಳ್ಳುತ್ತವೆ, ಪಕ್ಕದ ಹುಲ್ಲು ಮಾತ್ರ ಹಾಯಾಗಿ ನಿಂತಿರುತ್ತದೆ. ಎರಡು ಮೂರು ದಿನಕ್ಕೊಮ್ಮೆ ಅದೇ ಗಿಡವನ್ನು ಅದೇ ಜಾಗದಲ್ಲಿ ನಿಂತು ಫೋಟೊ ತೆಗೆದರೆ ಈ ಬದಲಾವಣೆ ತಾನಾಗಿ ದಾಖಲಾಗುತ್ತದೆ.

"ಮಳೆ ನೀರಲ್ಲಿ ಮದ್ದು ಹರಿದು ಬೇರಿಗೆ ಬಂತು" ಎಂದು ಸುಮ್ನೆ ಬರೆಯಬೇಡಿ. ಗ್ಲೈಫೋಸೇಟ್ ಮಣ್ಣಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಬೇರಿನಿಂದ ಒಳಹೋಗುವುದು ಕಡಿಮೆ. ತಿಳಿದ ಅಧಿಕಾರಿ ಇದ್ದರೆ ಆ ಒಂದು ವಾಕ್ಯ ಹಿಡಿದು ಇಡೀ ಅರ್ಜಿಯನ್ನು ಬದಿಗಿಡುತ್ತಾರೆ. ಇನ್ನೊಂದು ತಪ್ಪು, ನಮ್ಮ ಊರಲ್ಲಿ ಯಾವ ಮದ್ದು ಕಂಡರೂ "ಎಂಡೋಸಲ್ಫಾನ್" ಎಂದು ಬರೆಯುವುದು. ಅದರ ನೋವು ನಮ್ಮ ಕರಾವಳಿಗೆ ಗೊತ್ತು, ಭಯವೂ ಸಹಜ. ಆದರೆ ಎಂಡೋಸಲ್ಫಾನ್ ಕೀಟನಾಶಕ, ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು 2011ರಲ್ಲಿ. ಮದ್ದಿನ ಹೆಸರು ಗೊತ್ತಿಲ್ಲದಿದ್ದರೆ "ಕಳೆನಾಶಕ" ಎಂದಷ್ಟೇ ಬರೆಯಿರಿ.

ಇನ್ನು ತಜ್ಞರ ಮಾತು. ತಾಲೂಕಿನ ತೋಟಗಾರಿಕೆ ಇಲಾಖೆ ಕಚೇರಿಗೆ ಅರ್ಜಿ ಕೊಟ್ಟು ಸ್ಥಳ ನೋಡಿ ವರದಿ ಕೊಡಲು ಕೇಳಿ. ಉಡುಪಿಯವರಿಗೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರ, ಮಂಗಳೂರಿನವರಿಗೆ ಕಂಕನಾಡಿಯದ್ದು ಇದೆ. ಅಲ್ಲಿಯವರ ಸಹಿ, ಮೊಹರು ಇರುವ ಎರಡು ಸಾಲು ನಿಮ್ಮ ಎರಡು ಪುಟಕ್ಕಿಂತ ತೂಕದ್ದು. ಅವರು ಬಂದು ನೋಡುವವರೆಗೆ ಒಂದು ಎಲೆಯನ್ನೂ ಕೀಳಬೇಡಿ.

ಲ್ಯಾಬ್ ಪರೀಕ್ಷೆ ಬೇಕೇ? ಹತ್ತು ಕುಂಡದ ನಷ್ಟಕ್ಕೆ ಬೇಡ ಎಂದೇ ನನ್ನ ಸಲಹೆ. ಮಾಡಿಸುವುದೇ ಆದರೆ ಯಾವ ಮದ್ದಿಗೆ ಎಂದು ಮೊದಲೇ ಹೇಳಿ. ಸಾಮಾನ್ಯ ಕೀಟನಾಶಕ ಪರೀಕ್ಷೆಯಲ್ಲಿ ಗ್ಲೈಫೋಸೇಟ್, ಪ್ಯಾರಾಕ್ವಾಟ್ ಸಿಗುವುದಿಲ್ಲ, ಅವಕ್ಕೆ ಬೇರೆಯೇ ವಿಧಾನ ಬೇಕು. "ಏನೂ ಪತ್ತೆಯಾಗಿಲ್ಲ" ಎಂಬ ವರದಿಗೆ ದುಡ್ಡು ಕೊಟ್ಟು, ಅದು ನಿಮ್ಮ ವಿರುದ್ಧವೇ ನಿಲ್ಲುವುದು ಬೇಡ ಅಲ್ವಾ?

ಹೆಜ್ಜೆ 3: ರಸ್ತೆ ಯಾರದ್ದು?

ಹೆದ್ದಾರಿ 66ರ ಬದಿಯಾದರೆ ಹೆದ್ದಾರಿ ಪ್ರಾಧಿಕಾರ, ರಾಜ್ಯ ಹೆದ್ದಾರಿಯಾದರೆ ಲೋಕೋಪಯೋಗಿ ಇಲಾಖೆ, ಹಳಿ ಬದಿಯಾದರೆ ರೈಲ್ವೆ. ಒಳರಸ್ತೆಗಳು ಪಾಲಿಕೆ, ನಗರಸಭೆ ಅಥವಾ ಪಂಚಾಯತಿನವು. ಪಕ್ಕದ ಸೈಟಿನವರೇ ಮದ್ದು ಬಿಟ್ಟಿರಲೂಬಹುದು, ಅದನ್ನೂ ವಿಚಾರಿಸಿಕೊಳ್ಳಿ.

ಹೆಜ್ಜೆ 4: ನಷ್ಟದ ಲೆಕ್ಕ

ಉಬ್ಬಿಸಬೇಡಿ. ನರ್ಸರಿಯಲ್ಲಿ ಅದೇ ಗಾತ್ರದ ಗಿಡಕ್ಕೆ ಎಷ್ಟು ಎಂದು ಕೊಟೇಶನ್ ತನ್ನಿ, ಗೊಬ್ಬರ, ಕೂಲಿ ಸೇರಿಸಿ. ಮಲ್ಲಿಗೆಯವರಿಗೆ ಇಲ್ಲೊಂದು ಅನುಕೂಲ ಇದೆ. ಉಡುಪಿ ಬಳಿಯ ಶಂಕರಪುರದಲ್ಲಿ ಮಲ್ಲಿಗೆಗೆ ದಿನದಿನವೂ ಅಟ್ಟೆಗೆ (ಹೂವು ಮಾರುವ ಅಳತೆ) ಇಷ್ಟು ಎಂದು ದರ ನಿಗದಿಯಾಗುತ್ತದೆ. ಟೆರೇಸಿನಲ್ಲಿ ಬೆಳೆದು ಹೂವು ಕೊಡುವವರ ಹತ್ತಿರ ಏಜೆಂಟ್ ಬರೆದ ಚೀಟಿ ಇರುತ್ತದೆ. ಮದ್ದು ಬೀಳುವ ಮೊದಲಿನ ತಿಂಗಳ ಚೀಟಿ, ಆಮೇಲಿನ ತಿಂಗಳ ಚೀಟಿ, ಎರಡನ್ನೂ ಲಗತ್ತಿಸಿ. "ಮನಸ್ಸಿಗೆ ಆದ ನೋವಿಗೆ ಒಂದು ಲಕ್ಷ" ಎಂದು ಸೇರಿಸಿದರೆ ಉಳಿದ ಲೆಕ್ಕವನ್ನೂ ಯಾರೂ ನಂಬುವುದಿಲ್ಲ.

ಹೆಜ್ಜೆ 5: ಅರ್ಜಿ

ಮಂಗಳೂರಾದರೆ ಪಾಲಿಕೆ ಆಯುಕ್ತರಿಗೆ, ಉಡುಪಿಯಾದರೆ ನಗರಸಭೆಯ ಪೌರಾಯುಕ್ತರಿಗೆ, ಪಂಚಾಯತಿಯಾದರೆ ಪಿಡಿಒಗೆ. ಒಂದೇ ಪುಟ ಸಾಕು. ದಿನಾಂಕ, ಜಾಗ, ಹಾನಿ, ಕೇಳುವ ಮೊತ್ತ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ದೂರನ್ನು ನಾನು ದೂರೆಂದೇ ಲೆಕ್ಕಿಸುವುದಿಲ್ಲ.

ಕೆಲಸ ಗುತ್ತಿಗೆಯದ್ದಾದರೆ "ನನ್ನ ದೂರು ಇತ್ಯರ್ಥವಾಗುವವರೆಗೆ ಗುತ್ತಿಗೆದಾರರ ಬಿಲ್ಲಿನಲ್ಲಿ ಈ ಮೊತ್ತ ತಡೆಹಿಡಿಯಿರಿ" ಎಂಬ ಸಾಲು ಬರೆಯಿರಿ. ಬಿಲ್ಲು ಪಾಸಾಗುವ ಮೊದಲೇ ಅರ್ಜಿ ಒಳಗಿದ್ದರೆ ಗುತ್ತಿಗೆದಾರರೇ ನಿಮ್ಮ ಗೇಟಿಗೆ ಬಂದು ಮಾತಾಡುವ ಸಾಧ್ಯತೆ ಜಾಸ್ತಿ. ಹಾಗೆ ಬಂದರೆ ಮಾತಾಡಿ, ಆದರೆ ಒಪ್ಪಿದ್ದು ಕಾಗದದ ಮೇಲೆ ಇರಲಿ.

ಹೆಜ್ಜೆ 6: ಉತ್ತರ ಬಾರದಿದ್ದರೆ

ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಶುಲ್ಕ, 30 ದಿನದ ಗಡುವು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದು, ಸುಮಾರು 150 ಪದದೊಳಗಿನದ್ದು ಆಗಿರಬೇಕು. ಪ್ರವಚನ ಬೇಡ, ದಾಖಲೆ ಕೇಳಿ: ಕೆಲಸದ ಆದೇಶದ ಪ್ರತಿ, ಬಳಸಿದ ಮದ್ದಿನ ಹೆಸರು, ಅದರ ಖರೀದಿ ಬಿಲ್ಲು, ಸಿಂಪಡಿಸಿದವರ ಪರವಾನಗಿ. ಗ್ಲೈಫೋಸೇಟನ್ನು ಪರವಾನಗಿ ಇರುವ ಪೆಸ್ಟ್ ಕಂಟ್ರೋಲ್ ಆಪರೇಟರ್‌ಗಳ ಮೂಲಕವೇ ಬಳಸಬೇಕು ಎಂದು ಕೇಂದ್ರ ಸರಕಾರ 2022ರಲ್ಲಿ ಅಧಿಸೂಚನೆ ಹೊರಡಿಸಿತ್ತು, ಹಾಗಾಗಿ ಪರವಾನಗಿಯ ಪ್ರಶ್ನೆ ಚುಚ್ಚುತ್ತದೆ. ಜೊತೆಗೆ ರಾಜ್ಯ ಸರಕಾರದ ದೂರು ಸಹಾಯವಾಣಿ 1902ಕ್ಕೆ ಫೋನ್ ಮಾಡಿ ದೂರು ಸಂಖ್ಯೆ ಪಡೆಯಿರಿ.

ಅದಕ್ಕೂ ಜಗ್ಗದಿದ್ದರೆ ಕೋರ್ಟ್ ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ. ನೈರ್ಮಲ್ಯ ಸೇವೆಯ ತಕರಾರುಗಳನ್ನು ಕಾಯಂ ಜನತಾ ನ್ಯಾಯಾಲಯ ಕೋರ್ಟ್ ಶುಲ್ಕವಿಲ್ಲದೆ ನೋಡುತ್ತದೆ. ಚರಂಡಿ ಬದಿಯ ಕಳೆ ತೆಗೆಯುವುದೂ ಅದರಡಿ ಬರುತ್ತದೆಂದು ವಾದಿಸಬಹುದು. ಸಿವಿಲ್ ದಾವೆ ಹೂಡುವುದಾದರೆ ಮೊದಲು ನೋಟಿಸ್ ಕೊಡಬೇಕು, ಗಡುವೂ ಇರುತ್ತದೆ. ವಕೀಲರನ್ನು ಕಾಣುವುದು ತಡ ಮಾಡಬೇಡಿ.

ತಜ್ಞರ ವರದಿ ಕೈಗೆ ಬಂದ ಮೇಲೆ ಹೊಸ ಗಿಡ ನೆಡಬಹುದು. ಅಂಗಡಿಯಲ್ಲಿ "ಮದ್ದಿನ ವಿಷ ಇಳಿಸುವ ಟಾನಿಕ್" ಕೊಟ್ಟರೆ ವಾಪಸು ಕೊಡಿ, ಗಿಡದೊಳಗೆ ಹೋದ ಗ್ಲೈಫೋಸೇಟಿಗೆ ಔಷಧಿ ಇಲ್ಲ. ಅದರ ಬದಲು ಅದೇ ಜಾಗದ ಮಣ್ಣನ್ನು ಒಂದು ಕುಂಡದಲ್ಲಿ ತುಂಬಿ ನಾಲ್ಕು ಅಲಸಂಡೆ ಬೀಜ ಹಾಕಿ. ಮೊಳಕೆ ತಿರುಚದೆ ಬಂದು, ಎರಡು ವಾರ ಹಸಿರಾಗಿ ನಿಂತರೆ ಮಲ್ಲಿಗೆ ಗೆಲ್ಲು ಊರಬಹುದು.