ಗಂಗೋತ್ರಿಯಲ್ಲಿ ಎಂ.ಎಸ್ಸಿ., ಜೊತೆಗೆ 800 ಮೀಟರ್ ಓಟ

ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಕ್ಯಾಂಪಸ್ಸಿನಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಮಾಡುತ್ತಲೇ ನಾನು 800 ಮೀಟರ್ ಓಡುತ್ತಿದ್ದೆ. ಜೂನಿಯರ್‌ಗಳು ಸಿಕ್ಕಾಗ ಕೇಳೋದು ಒಂದೇ: 'ಅಣ್ಣ, ಟೈಮ್ ಹೇಗೆ ಸಿಗ್ತಿತ್ತು?' ಟೈಮ್ ಸಿಗುತ್ತಿತ್ತು. ದಿನಕ್ಕೆ ಒಂದೂವರೆ ಗಂಟೆ ಯಾರಿಗಿಲ್ಲ ಹೇಳಿ? ನನ್ನನ್ನು ಕಾಡಿದ್ದು ಸುಸ್ತು.

ಮಧ್ಯಾಹ್ನ ಪೂರ್ತಿ ಲ್ಯಾಬಿನಲ್ಲಿ ಬ್ಯೂರೆಟ್ (ದ್ರಾವಣವನ್ನು ಹನಿಹನಿಯಾಗಿ ಬಿಡುವ ಗಾಜಿನ ಕೊಳವೆ) ಮುಂದೆ ನಿಂತವರಿಗೆ ಗೊತ್ತು, ಕಾಲು ಏನಾಗುತ್ತೆ ಅಂತ. ನಮಗೆ ಲ್ಯಾಬ್ ಇದ್ದಿದ್ದು ಸೋಮವಾರದಿಂದ ಬುಧವಾರದವರೆಗೆ. ಅದಕ್ಕೇ ಜೋರು ಪ್ರಾಕ್ಟೀಸನ್ನು ಗುರುವಾರಕ್ಕೂ ಶನಿವಾರಕ್ಕೂ ಇಟ್ಟುಕೊಂಡೆ. ಮೈ ನೋವು ಜಾಸ್ತಿ ಕಾಣಿಸಿಕೊಳ್ಳುವುದು ಓಡಿದ ದಿನ ಅಲ್ಲ, ಮರುದಿನ. ಭಾನುವಾರ ಮಲಗಿಬಿಟ್ಟರೆ ಸೋಮವಾರ ಲ್ಯಾಬಿಗೆ ಕಾಲು ಸರಿ ಇರುತ್ತಿತ್ತು.

ಲ್ಯಾಬ್ ದಿನಗಳಲ್ಲಿ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ನಿಧಾನ ಓಟ ಅಷ್ಟೇ. ಪಕ್ಕದವರ ಜೊತೆ ಮಾತಾಡಿಕೊಂಡು ಓಡುವಷ್ಟು ನಿಧಾನ. ಹೆಜ್ಜಾರ್ಲೆ ನೋಡುತ್ತಾ ನಿಂತರೂ ಬೈಯುವವರಿಲ್ಲ.

800 ಮೀಟರ್ ಅಂದರೆ ಟ್ರ್ಯಾಕಿನಲ್ಲಿ ಎರಡು ಸುತ್ತು. ಮೊದಲ ತಿರುವು ಮುಗಿಯುವವರೆಗೆ ನಿಮ್ಮ ಲೇನ್ ಬಿಡುವಂತಿಲ್ಲ, ಆಮೇಲೆ ಎಲ್ಲರೂ ಒಳಗೆ ನುಗ್ಗುತ್ತಾರೆ. ಅಲ್ಲಿ ಮೊಣಕೈ ತಾಗುತ್ತೆ, ಹಿಂದಿನವರ ಸ್ಪೈಕ್ಸ್ (ಶೂ ಅಡಿಯ ಮೊಳೆ) ಹಿಮ್ಮಡಿಗೆ ತಾಗುತ್ತೆ. ಎರಡನೇ ಸುತ್ತಿನಲ್ಲಿ ಕಾಲು ಕಲ್ಲಾಗುವುದು ಎಲ್ಲರಿಗೂ ಇದ್ದದ್ದೇ. ಅದಕ್ಕೆ ಗುರುವಾರ 300 ಮೀಟರ್ ಜೋರಾಗಿ ಓಡಿ, ಸ್ವಲ್ಪ ನಡೆದು, ಮತ್ತೆ 300. ಉಸಿರು ಪೂರ್ತಿ ಮರಳುವ ಮೊದಲೇ ಹೊರಡಬೇಕು, ಗುಟ್ಟು ಅದರಲ್ಲೇ ಇದೆ. ಶನಿವಾರ ಚಾಮುಂಡಿ ಬೆಟ್ಟದ ಮೆಟ್ಟಿಲು. ಸಾವಿರಕ್ಕೂ ಹೆಚ್ಚಿವೆ, ನಾನು ದಾರಿಯಲ್ಲಿ ಸಿಗುವ ನಂದಿ ವಿಗ್ರಹದವರೆಗೆ ಮಾತ್ರ ಓಡುತ್ತಿದ್ದೆ. ಇಳಿಯುವಾಗ ಓಡಬೇಡಿ, ಮಂಡಿ ಕೆಡುತ್ತೆ.

ತಿನ್ನೋ ವಿಷಯ ದೊಡ್ಡದೇನಿಲ್ಲ. ಪ್ರಾಕ್ಟೀಸಿಗೆ ಮುಂಚೆ ಬಾಳೆಹಣ್ಣು, ಆಮೇಲೆ ಹುರಿಗಡಲೆ ಬೆಲ್ಲ. ಮೆಸ್ ಮುಚ್ಚುವ ಹೊತ್ತಿಗೆ ತಟ್ಟೆ ತೆಗೆದಿಡುವ ರೂಮ್‌ಮೇಟ್ ಒಬ್ಬ ಇರಲಿ.

ಅಟೆಂಡೆನ್ಸ್ ವಿಷಯದಲ್ಲಿ ಮಾತ್ರ ಹುಷಾರು. ಅಂತರಕಾಲೇಜು ಕೂಟಕ್ಕೆ ಹೋಗುವ ಮೊದಲೇ ದೈಹಿಕ ಶಿಕ್ಷಣ ವಿಭಾಗದ ಪತ್ರ ತಂದು ನಮ್ಮ ವಿಭಾಗದ ಆಫೀಸಿಗೆ ಕೊಡುತ್ತಿದ್ದೆ. ಬಂದ ಮೇಲೆ ಕೊಟ್ಟರೆ ಅದು ವಿವರಣೆ ಕೊಟ್ಟ ಹಾಗಾಗುತ್ತೆ, ಮೊದಲೇ ಕೊಟ್ಟರೆ ಅನುಮತಿ ಕೇಳಿದ ಹಾಗೆ. ತಪ್ಪಿದ ಪ್ರಯೋಗಕ್ಕೆ ಬೇರೆ ಬ್ಯಾಚಿನಲ್ಲಿ ಜಾಗ ಇದೆಯಾ ಅಂತಲೂ ಆಗಲೇ ಕೇಳುತ್ತಿದ್ದೆ. 'ಸರ್, ಬುಧವಾರ ಇರಲ್ಲ, ಬೇರೆ ಬ್ಯಾಚಿನವರ ಜೊತೆ ಮಾಡಲಾ?' ಅಂದರೆ ಮೇಷ್ಟ್ರು ಒಪ್ಪುತ್ತಿದ್ದರು. ಪ್ರಯೋಗದ ರೆಕಾರ್ಡ್ ಪುಸ್ತಕ ಮಾತ್ರ ಬಸ್ಸಿನಲ್ಲಿ ಬರೆಯೋಕಾಗಲ್ಲ. ಕುವೆಂಪು ಮಾನಸಗಂಗೋತ್ರಿ ಅಂತ ಅಷ್ಟು ಚೆಂದದ ಹೆಸರಿಟ್ಟ ಜಾಗದಲ್ಲಿ ನಾವು ರಾತ್ರಿಯೆಲ್ಲ ಗ್ರಾಫ್ ಶೀಟಿನಲ್ಲಿ ಚುಕ್ಕಿ ಇಡುತ್ತಾ ಕೂತಿರುತ್ತಿದ್ದೆವು!

ಪರೀಕ್ಷೆ ಹತ್ತಿರ ಬಂದಾಗ ಬಹಳ ಜನ ಓಟ ಪೂರ್ತಿ ಬಿಡುತ್ತಾರೆ. ನಾನು ಜೋರು ಓಟ ಬಿಟ್ಟು, ಅರ್ಧ ಗಂಟೆ ಕೆರೆ ದಂಡೆಯನ್ನು ಉಳಿಸಿಕೊಂಡೆ. ಓಡಿದ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಿತ್ತು. ಪರೀಕ್ಷೆ ಮುಗಿದ ಮೊದಲ ವಾರ ಸ್ಟಾಪ್‌ವಾಚ್ ಮುಟ್ಟಬೇಡಿ. ಹಳೇ ಟೈಮಿಂಗ್‌ಗೆ ಎರಡನೇ ವಾರ ಕೈ ಹಾಕಿದರೆ ಸಾಕು.