ಉಡಿಯ ಖಣ, ಡಿಸೆಂಬರಿನ ಸೂಟ್‌ಕೇಸ್: ಉಡುಗೊರೆ ಬಟ್ಟೆಯಿಂದ ಕ್ವಿಲ್ಟ್ ಹೊಲಿಯುವಾಗಿನ ನನ್ನ ಅನುಭವ

ಶ್ರಾವಣದ ವರಮಹಾಲಕ್ಷ್ಮಿಯಿಂದ ನವರಾತ್ರಿ ಮುಗಿಯುವಷ್ಟರಲ್ಲಿ ಮನೆಗೆ ಹತ್ತಿಪ್ಪತ್ತು ಬ್ಲೌಸ್ ಪೀಸ್ ಬಂದು ಸೇರುತ್ತವೆ. ಡಿಸೆಂಬರ್ ರಜೆಗೆ ಅಮೆರಿಕದಿಂದ ಬರುವ ನೆಂಟರ ಸೂಟ್‌ಕೇಸಿನಿಂದ ಫ್ಯಾಟ್ ಕ್ವಾರ್ಟರ್ (ಕಾಲು ಗಜದ ಅಗಲ ತುಂಡು) ಕಟ್ಟು, ಕ್ವಿಲ್ಟಿಂಗ್ ಪುಸ್ತಕ, ಉರುಳುವ ದುಂಡು ಬ್ಲೇಡಿನ ರೋಟರಿ ಕಟರ್ ಹೊರಬೀಳುತ್ತವೆ. ಕ್ವಿಲ್ಟ್, ಅಂದರೆ ಬಟ್ಟೆ ಚೂರು ಜೋಡಿಸಿ ಪದರ ಸೇರಿಸಿದ ಹೊದಿಕೆ, ಹೊಲಿಯುತ್ತೀರಿ ಎಂದು ನಾಲ್ಕು ಜನಕ್ಕೆ ಗೊತ್ತಾದರೆ ಸಾಕು, ಈ ಹರಿವು ನಿಲ್ಲುವುದಿಲ್ಲ. ಎಲ್ಲವನ್ನೂ ಒಂದೇ ಬೀರುವಿಗೆ ತುರುಕಿ, ಬಣ್ಣ ಒಪ್ಪಿದ್ದನ್ನೆಲ್ಲ ಎಳೆದು ಕತ್ತರಿಸಿ ಜೋಡಿಸಿದರೆ ಮೊದಲ ಒಗೆತದಲ್ಲೇ ಕ್ವಿಲ್ಟ್ ಸೊಟ್ಟಗಾಗುತ್ತದೆ. ನಾವೇ ಕೊಂಡ ಬಟ್ಟೆಯಾದರೆ ಏನೆಂದು ಅಂಗಡಿಯವರನ್ನು ಕೇಳಬಹುದು. ಕೊಟ್ಟವರನ್ನು ‘ಇದು ಹತ್ತಿಯೋ, ಪಾಲಿಯೆಸ್ಟರೋ’ ಎಂದು ಕೇಳಲಾಗುವುದಿಲ್ಲವಲ್ಲ.

ಹಾಗಾಗಿ ಮೊದಲ ಕೆಲಸ ನೂಲಿನ ಜಾತಿ ನೋಡುವುದು. ಬಟ್ಟೆಯ ಅಂಚಿನಿಂದ ನಾಲ್ಕೈದು ಎಳೆ ಬಿಡಿಸಿಕೊಳ್ಳುತ್ತೇನೆ, ಹಾಸಿನದು (ಉದ್ದದ ಎಳೆ) ಬೇರೆ, ಹೊಕ್ಕಿನದು (ಅಡ್ಡ ಎಳೆ) ಬೇರೆ. ಎರಡೂ ಒಂದೇ ನೂಲಾಗಿರಬೇಕೆಂದಿಲ್ಲ. ಇಕ್ಕಳದಲ್ಲಿ ಹಿಡಿದು, ಕೆಳಗೆ ಸ್ಟೀಲ್ ತಟ್ಟೆ ಇಟ್ಟು, ಬೆಂಕಿ ತೋರಿಸಬೇಕು. ಹತ್ತಿ ಕಾಗದ ಸುಟ್ಟ ವಾಸನೆಯಲ್ಲಿ ಉರಿದು ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಮುದುಡಿಕೊಂಡು, ಕಪ್ಪು ಹೊಗೆ ಬಿಟ್ಟು, ಉಗುರಿಗೂ ಒಡೆಯದ ಮಣಿಯಾಗುತ್ತದೆ. ರೇಷ್ಮೆಗೆ ಕೂದಲು ಸುಟ್ಟ ವಾಸನೆ. ಬೆಂಕಿ ತೆಗೆದರೆ ಆರುತ್ತದೆ, ಅದರ ಮಣಿ ಒತ್ತಿದರೆ ಪುಡಿ. ಬೂದಿಯ ನಡುವೆ ಗಟ್ಟಿ ಕಾಳು ಉಳಿದರೆ ಮಿಶ್ರ ನೂಲು. ರೇಯಾನ್ ಮಾತ್ರ ಮೋಸ ಮಾಡುತ್ತದೆ, ಹತ್ತಿಯಂತೆಯೇ ಉರಿಯುತ್ತದೆ. ಅದಕ್ಕೆ ಬೆಂಕಿ ಅಲ್ಲ, ನೀರು ಬೇಕು: ಎಳೆಯ ಮಧ್ಯವನ್ನು ಒದ್ದೆ ಮಾಡಿ ಎಳೆದರೆ ರೇಯಾನ್ ಅಲ್ಲೇ ಹರಿಯುತ್ತದೆ, ಹತ್ತಿ ಒದ್ದೆಯಾದಷ್ಟೂ ಗಟ್ಟಿ.

ಇಷ್ಟು ತಲೆಕೆಡಿಸಿಕೊಳ್ಳುವುದು ಶುದ್ಧ ಹತ್ತಿಯ ಮಡಿವಂತಿಕೆಯಿಂದಲ್ಲ. ಹತ್ತಿ ನೀರಿಗೆ ಬಿದ್ದರೆ ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗುವುದಿಲ್ಲ. ಎರಡು ಅಕ್ಕಪಕ್ಕ ಇದ್ದರೆ ಹೊಲಿಗೆಯ ಸಾಲು ಸುಕ್ಕುಗಟ್ಟುತ್ತದೆ. ಹತ್ತಿಯ ಹೊಲಿಗೆ ಸಪಾಟಾಗಲು ಬೇಕಾದ ಇಸ್ತ್ರಿಯ ಬಿಸಿ ಪಕ್ಕದ ಪಾಲಿಯೆಸ್ಟರಿಗೆ ಮಿಂಚು ಹಿಡಿಸುತ್ತದೆ ಇಲ್ಲವೇ ಕರಗಿಸುತ್ತದೆ. ಅರಿಶಿನ-ಕುಂಕುಮಕ್ಕೆ ಕೊಡುವ ಪೀಸುಗಳಲ್ಲಿ ಟೂ ಬೈ ಟೂ ರುಬಿಯಾ ಸಿಕ್ಕರೆ ಅದೃಷ್ಟ. ಹಾಸು ಹೊಕ್ಕು ಎರಡರಲ್ಲೂ ಜೋಡಿ ಎಳೆಯ ಒತ್ತಾದ ನೇಯ್ಗೆ. ಕಾಲಿಂಚು ಹೊಲಿಗೆ ಅಂಚಲ್ಲೂ (ಹೊಲಿಗೆಯಾಚೆ ಬಿಡುವ ಬಟ್ಟೆ) ಎಳೆ ಬಿಡುವುದಿಲ್ಲ. ನೇಯ್ಗೆಯಲ್ಲೇ ವಿನ್ಯಾಸ ಮೂಡಿಸಿದ, ಮಿಂಚುವ ಜಾಕ್ವಾರ್ಡ್ ಪೀಸುಗಳು ನೋಡಲು ಚೆಂದ, ಹೆಚ್ಚಿನವು ಪಾಲಿಯೆಸ್ಟರ್. ಅವನ್ನು ಬೇರೆ ಕಟ್ಟು ಕಟ್ಟಿ ಚೀಲ, ಪೌಚಿಗೆ ಇಡುತ್ತೇನೆ.

ಇನ್ನು, ಬ್ಲೌಸ್ ಪೀಸ್ ಎಂಬುದು ಮೂರು ಮನೆ ಸುತ್ತಿ ಬರುವ ವಸ್ತು ಎಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು. ವರ್ಷಗಟ್ಟಲೆ ಮಡಿಕೆಯಲ್ಲೇ ಇದ್ದದ್ದರ ಮಡಿಕೆ ಗೆರೆ ಬಿಳಿಚಿಕೊಂಡಿರುತ್ತದೆ, ಅಲ್ಲಿ ಎಳೆಯೂ ಸೋತಿರುತ್ತದೆ. ಕಿಟಕಿಗೆ ಅಡ್ಡ ಹಿಡಿದು ನೋಡಿದರೆ ಗೆರೆ ಕಾಣುತ್ತದೆ. ಎರಡೂ ಕಡೆ ಹಿಡಿದು ಜಗ್ಗಿದಾಗ ಚರ್ ಎಂದರೆ ಆ ಪಟ್ಟಿ ಬಿಟ್ಟು ಕತ್ತರಿಸುವುದೇ ಸರಿ. ಕುಂಕುಮ ಬಿದ್ದಿದ್ದರೆ ಒಣಗಿದ್ದಾಗಲೇ ಬ್ರಷ್ಷಿನಿಂದ ಕೊಡವಬೇಕು, ಒದ್ದೆ ಕೈಯಲ್ಲಿ ಉಜ್ಜಿದರೆ ಎಳೆಯೊಳಗೆ ಇಳಿಯುತ್ತದೆ. ಅರಿಶಿನದ ಕಲೆ ಸೋಪು ತಾಗಿದ ಕೂಡಲೇ ಕೆಂಪಾಗುತ್ತದೆ, ಹೆದರಬೇಡಿ. ಅದು ಸೋಪಿನ ಕ್ಷಾರದ ಗುಣ. ಚೆನ್ನಾಗಿ ಜಾಲಿಸಿ ನೇರ ಬಿಸಿಲಿಗೆ ಹಾಕಿದರೆ ಹಳದಿಯೂ ಹಾರಿಹೋಗುತ್ತದೆ.

ಬಣ್ಣ ಬಿಡುವ ಪರೀಕ್ಷೆಯನ್ನು ಕಡುಗೆಂಪು, ಕಡುನೀಲಿ, ಕಡುಹಸಿರು, ಕಪ್ಪು, ನೇರಳೆಗೆ ತಪ್ಪಿಸುವುದಿಲ್ಲ. ಗಾಜಿನ ಲೋಟದಲ್ಲಿ ಬಿಸಿನೀರು, ಒಂದು ತೊಟ್ಟು ದ್ರವ ಸೋಪು, ಎರಡಿಂಚು ಚೂರು, ಅರ್ಧ ಗಂಟೆ. ಆಮೇಲೆ ಆ ಚೂರನ್ನು ಬಿಳಿ ಬಟ್ಟೆಯ ಮೇಲಿಟ್ಟು ಒಣಗಲು ಬಿಡಬೇಕು. ನೀರು ಬಣ್ಣಗೊಂಡರೂ ಬಿಳಿ ಬಟ್ಟೆಗೆ ಹತ್ತದಿದ್ದರೆ ಪರವಾಗಿಲ್ಲ. ಹತ್ತಿದರೆ ಇಡೀ ಪೀಸನ್ನು ಒಂಟಿಯಾಗಿ, ಕೈ ತಾಳದಷ್ಟು ಬಿಸಿನೀರಲ್ಲಿ ಸೋಪು ಹಾಕಿ ನೆನೆಸಿ, ನೀರು ತಿಳಿಯಾಗುವ ತನಕ ಮೂರ್ನಾಲ್ಕು ಸಲ ಬದಲಿಸುತ್ತೇನೆ. ಕಲ್ಲುಪ್ಪು ಅಥವಾ ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತು ಅಂಗಡಿಗೆ ಬರುವ ಮುಂಚೆಯೇ ಬಣ್ಣ ಹಾಕಿ ಮುಗಿಸಿದ ಹತ್ತಿಗೆ ಅನ್ವಯಿಸುವುದಿಲ್ಲ. ಅಲ್ಲಿರುವುದು ಎಳೆಗೆ ಅಂಟದೆ ಉಳಿದ ಹೆಚ್ಚುವರಿ ಬಣ್ಣ. ಅದನ್ನು ಹಿಡಿದಿಡುವುದಲ್ಲ, ಹೊರಹಾಕುವುದೇ ಉಪಾಯ. ಮೂರು ಸುತ್ತಾದರೂ ಬಿಳಿಗೆ ಹತ್ತುತ್ತಿದ್ದರೆ ಆ ಪೀಸು ಕ್ವಿಲ್ಟಿಗೆ ಬೇಡ.

ಫ್ಯಾಟ್ ಕ್ವಾರ್ಟರುಗಳನ್ನೂ ಒಗೆದೇ ಇಡುತ್ತೇನೆ, ಆದರೆ ಬಕೆಟ್ಟಿನಲ್ಲಿ ಕೈಯಿಂದ. ನಾಲ್ಕು ಮೂಲೆಗಳನ್ನು ಚೂರೇ ಓರೆಯಾಗಿ ಕತ್ತರಿಸಿದರೆ ಎಳೆ ಬಿಚ್ಚಿ ಗಂಟಾಗುವುದು ಕಡಿಮೆ. ಐದಿಂಚಿನ ಚೌಕಗಳ ಚಾರ್ಮ್ ಪ್ಯಾಕ್, ಎರಡೂವರೆ ಇಂಚಿನ ಪಟ್ಟಿಗಳ ಜೆಲ್ಲಿ ರೋಲ್, ಇವನ್ನು ಮಾತ್ರ ಒಗೆಯಬಾರದು. ಅಳತೆ ಹೋಗಿ ಎಳೆಯ ಉಂಡೆಯಾಗುತ್ತವೆ. ಒಗೆಯದ ಇವನ್ನು ಒಗೆದ ಬ್ಲೌಸ್ ಪೀಸಿನ ಜೊತೆ ಬೆರೆಸುವುದಿಲ್ಲ, ಇವುಗಳದ್ದೇ ಪ್ರತ್ಯೇಕ ಕ್ವಿಲ್ಟ್ ಆಗಲಿ. ಇವುಗಳ ಅಂಚು ಹಲ್ಲುಹಲ್ಲಾಗಿರುತ್ತದೆ. ಅಳತೆ ಹಲ್ಲಿನ ತುದಿಗೋ, ತಗ್ಗಿಗೋ ಎಂಬುದು ಕಂಪನಿಗೊಂದು ತರಹ. ಒಂದು ಚೂರನ್ನು ಸ್ಕೇಲಿನಡಿ ಇಟ್ಟು ನೋಡಿಯೇ ಹೊಲಿಗೆ ಶುರು ಮಾಡಬೇಕು.

ಕತ್ತರಿಸುವ ಮುಂಚೆ ಗಂಜಿ. ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರನ್ನು ತಣ್ಣೀರಲ್ಲಿ ಕದಡಿ, ಅರ್ಧ ಲೀಟರ್ ಕುದಿವ ನೀರಿಗೆ ಬೆರೆಸಿ, ಸೋಸಿ, ಆರಿದ ಮೇಲೆ ಅದ್ದಿ ನೆರಳಲ್ಲಿ ಒಣಗಿಸಿ, ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ. ರುಬಿಯಾದಂಥ ತೆಳು ಬಟ್ಟೆ ಕಾಗದದಂತಾಗುತ್ತದೆ, ಓರೆ ಅಂಚು ಜಗ್ಗುವುದಿಲ್ಲ. ಆದರೆ ಗಂಜಿ ಹಾಕಿದ ಬಟ್ಟೆಯನ್ನು ಬೀರುವಿನಲ್ಲಿ ಇಡಬೇಡಿ. ಸಿಲ್ವರ್‌ಫಿಶ್ ಹುಳಕ್ಕೂ ಜಿರಳೆಗೂ ಅದು ಊಟ. ಆ ವಾರ ಕತ್ತರಿಸುವಷ್ಟಕ್ಕೆ ಮಾತ್ರ ಗಂಜಿ.

ಗುಳೇದಗುಡ್ಡದ ಖಣಕ್ಕೆ ಬೇರೆಯದೇ ಉಪಚಾರ. ಬುಟ್ಟಿ (ಪುಟ್ಟ ಚಿತ್ತಾರ) ಮೂಡಿಸುವ ಎಳೆಗಳು ಹಿಂಬದಿಯಲ್ಲಿ ಸಡಿಲವಾಗಿ ತೇಲುತ್ತಿರುತ್ತವೆ. ಕತ್ತರಿ ಬಿದ್ದೊಡನೆ ಅಂಚು ಜಾಲರಿಯಾಗುತ್ತದೆ. ಹಿಂಬದಿಗೆ ತೆಳು ಫ್ಯೂಸಿಂಗ್ (ಇಸ್ತ್ರಿಯ ಬಿಸಿಗೆ ಅಂಟುವ ಒಳಪದರ) ಅಂಟಿಸಿ, ಮೇಲೆ ಹತ್ತಿ ಬಟ್ಟೆ ಹಾಸಿ, ಮಧ್ಯಮ ಬಿಸಿಯಲ್ಲಿ ಇಸ್ತ್ರಿಯನ್ನು ಎಳೆದಾಡದೆ ಒತ್ತಿ ಒತ್ತಿ ಎತ್ತಬೇಕು. ಆಮೇಲೆ ಬೇಕಾದ್ದಕ್ಕಿಂತ ಒಂದಿಂಚು ದೊಡ್ಡದಾಗಿ ಕತ್ತರಿಸಿ, ಬಳಿಕ ಅಳತೆಗೆ ತರುತ್ತೇನೆ. ಹೊಲಿಗೆ ಅಂಚು ಕಾಲಿಂಚಲ್ಲ, ಅರ್ಧ ಇಂಚು. ಜರಿ ಇರುವುದನ್ನು ಹೊಸ ಬ್ಲೇಡಿನಿಂದ ಕತ್ತರಿಸಬೇಡಿ, ಬಾಯಿ ಮುರಿಯುತ್ತದೆ. ಹಳೆ ಕತ್ತರಿ ಸಾಕು. ಖಣ, ರೇಷ್ಮೆ ಸೇರಿದ್ದು ಗೋಡೆಗೆ ತೂಗುವುದಾಗಲಿ, ಹೊದೆಯುವುದು ಬೇಡ.

ಈಗ ಪುಸ್ತಕ. ಅಮೆರಿಕದ ಕ್ವಿಲ್ಟ್ ಪುಸ್ತಕ ಗಜದಲ್ಲಿ ಮಾತಾಡುತ್ತದೆ. ಒಂದು ಗಜ 36 ಇಂಚು, ಅಂದರೆ 91.44 ಸೆಂ.ಮೀ. ಬಟ್ಟೆಯ ಪನ್ನಾ (ಅಗಲ) ಸುಮಾರು 42 ಇಂಚು, ಅದರಲ್ಲಿ 40 ಬಳಕೆಗೆ ಎಂದು ಅದು ಮೊದಲೇ ಹಿಡಿದುಕೊಂಡಿರುತ್ತದೆ. ನಮ್ಮ 80 ಸೆಂ.ಮೀ. ಬ್ಲೌಸ್ ಪೀಸು 31.5 ಇಂಚು, ಒಗೆದು, ಅಂಚು ನೇರ ಮಾಡಿದ ಮೇಲೆ 30 ಉಳಿದರೆ ಪುಣ್ಯ. 36 ಇಂಚು ಪನ್ನಾದ್ದರಲ್ಲಿ ಅಂಚುಪಟ್ಟಿ ತೆಗೆದರೆ 34. ಅಂದರೆ ಒಂದು ಪೀಸು ಪುಸ್ತಕದ ಮುಕ್ಕಾಲು ಗಜಕ್ಕೆ ತುಸು ಕಡಿಮೆ. ಐದಿಂಚಿನ ಚೌಕ 36 ಬರುತ್ತವೆ. ಅಂಗಡಿಯಲ್ಲಿ ಓರೆಯಾಗಿ ಕತ್ತರಿಸಿದ್ದರೆ ಒಂದು ಸಾಲು ಹೋಗಿ 30. 18×22 ಇಂಚಿನ ಫ್ಯಾಟ್ ಕ್ವಾರ್ಟರಿನಲ್ಲಿ ಒಗೆದ ಮೇಲೂ 12 ಖಾತ್ರಿ. ಒಟ್ಟು ಬಟ್ಟೆ ಸಾಲುತ್ತದೆ ಎಂದು ನೆಚ್ಚಿಕೊಂಡು ಎಡವುವ ಜಾಗ ಒಂದಿದೆ: ‘40 ಇಂಚು ಉದ್ದದ ಪಟ್ಟಿ’ ಎಂದು ಪುಸ್ತಕ ಹೇಳಿದರೆ ನಮ್ಮ ಪೀಸಿನಲ್ಲಿ ಅದು ಬರುವುದೇ ಇಲ್ಲ, ಜೋಡಿಸಬೇಕು. ಪಟ್ಟಿಗಳ ವಿನ್ಯಾಸಕ್ಕಿಂತ ಚೌಕ-ತ್ರಿಕೋನಗಳ ವಿನ್ಯಾಸ ಬ್ಲೌಸ್ ಪೀಸಿಗೆ ಒಗ್ಗುತ್ತದೆ.

ಕೊಟ್ಟಿರುವ ಅಳತೆಯಲ್ಲಿ ಹೊಲಿಗೆ ಅಂಚು ಸೇರಿದೆಯೋ ಇಲ್ಲವೋ, ಮೊದಲ ಪುಟಗಳಲ್ಲೇ ಹುಡುಕಿ. ರೋಟರಿ ಕಟರಿಗೆ ಬರೆದ ಪುಸ್ತಕದಲ್ಲಿ ಸಾಮಾನ್ಯವಾಗಿ ಕಾಲಿಂಚು ಸೇರಿಯೇ ಇರುತ್ತದೆ. ಕೈಹೊಲಿಗೆಯ ಅಚ್ಚುಗಳಲ್ಲಿ (ಬಟ್ಟೆಯ ಮೇಲಿಟ್ಟು ಗೆರೆ ಎಳೆಯುವ ಆಕಾರ) ಇರುವುದಿಲ್ಲ. ಜಪಾನಿನ ಪುಸ್ತಕ ಬಂದರೆ ಸೆಂಟಿಮೀಟರ್, ಅಂಚನ್ನು ಬಹುತೇಕ ನಾವೇ ಸೇರಿಸಬೇಕು. ಇಂಚಿನ ಪುಸ್ತಕವನ್ನು ಇಂಚಿನಲ್ಲೇ ಹೊಲಿಯಿರಿ. ಕಾಲಿಂಚು ಎಂದರೆ 6.35 ಮಿ.ಮೀ.; ಆರು ಎಂದುಕೊಂಡರೆ ಪ್ರತಿ ಹೊಲಿಗೆಗೆ ಎರಡು ಬದಿ ಸೇರಿ 0.7 ಮಿ.ಮೀ. ಹೆಚ್ಚು. ಹತ್ತು ಹೊಲಿಗೆಯ ಸಾಲು ಏಳು ಮಿ.ಮೀ. ಉದ್ದವಾಗಿ ಪಕ್ಕದ ಸಾಲಿಗೆ ಕೂರುವುದಿಲ್ಲ.

ಅಚ್ಚನ್ನು ಜೆರಾಕ್ಸ್ ಮಾಡಿಸುವಾಗಲೂ ಇದೇ ಜಾತಿಯ ತಪ್ಪು. ಅಮೆರಿಕದ ಲೆಟರ್ ಕಾಗದ 216 ಮಿ.ಮೀ. ಅಗಲ, ನಮ್ಮ ಎ4 210. ಪುಟಕ್ಕೆ ಹೊಂದಿಸು ಎಂದು ಬಿಟ್ಟರೆ ಯಂತ್ರ ಸುಮಾರು 97 ಶೇಕಡಾಕ್ಕೆ ಇಳಿಸುತ್ತದೆ, ಐದಿಂಚಿನ ಅಚ್ಚು 4.85 ಆಗುತ್ತದೆ. ನೂರು ಶೇಕಡಾ ಎಂದು ಹೇಳಿ ಮಾಡಿಸಿ, ಪ್ರತಿಯ ಮೇಲೆ ಸ್ಕೇಲಿಟ್ಟು ನೋಡಿ. ಅರ್ಧ ಚೌಕದ ತ್ರಿಕೋನಕ್ಕೆ (ಚೌಕವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದ್ದು) ಪುಸ್ತಕ ‘ಮುಗಿದ ಅಳತೆಗೆ ⅞ ಸೇರಿಸು’ ಎನ್ನುತ್ತದೆ, ನಾಲ್ಕಿಂಚಿಗೆ 4⅞. ನಾನು ಐದು ಇಂಚೇ ಕತ್ತರಿಸಿ, ಹೊಲಿದ ಮೇಲೆ 4½ಕ್ಕೆ ಅಂಚು ಕತ್ತರಿಸಿ ತರುತ್ತೇನೆ. ಬಟ್ಟೆ ಸ್ವಲ್ಪ ಹಾಳು, ಆದರೆ ಮೂಲೆಗಳು ಕೂಡುತ್ತವೆ. ಮತ್ತೆ, ಎಷ್ಟೇ ಹೆಸರಾಂತ ಪುಸ್ತಕವಾದರೂ ಮುದ್ರಣದ ತಪ್ಪು ಇರುತ್ತದೆ. ಇಡೀ ಕ್ವಿಲ್ಟಿನ ಬಟ್ಟೆ ಕತ್ತರಿಸುವ ಮುಂಚೆ ಒಂದೇ ಒಂದು ಬ್ಲಾಕನ್ನು (ಕ್ವಿಲ್ಟಿನಲ್ಲಿ ಮರುಕಳಿಸುವ ವಿನ್ಯಾಸದ ಒಂದು ತುಂಡು) ಬೇಡದ ಬಟ್ಟೆಯಲ್ಲಿ ಹೊಲಿದು ಅಳೆಯಿರಿ.

ನಿಮ್ಮ ಮೆಷಿನ್ನಿನ ಕಾಲಿಂಚು ನಿಜವಾಗಿ ಕಾಲಿಂಚೇ ಎಂಬುದಕ್ಕೆ ಪರೀಕ್ಷೆ: ಒಂದೂವರೆ ಇಂಚು ಅಗಲದ ಮೂರು ಪಟ್ಟಿಗಳನ್ನು ಉದ್ದನೆಯ ಬದಿಗೆ ಜೋಡಿಸಿ, ಇಸ್ತ್ರಿ ಹಾಕಿದ ಮೇಲೆ ಒಟ್ಟು ಅಗಲ ಮೂರೂವರೆ, ನಡುವಿನದು ಒಂದು ಇಂಚು ಬರಬೇಕು. ಕಡಿಮೆ ಬಂದರೆ ಹೊಲಿಗೆ ಒಳಗೆ ಹೋಗಿದೆ. ಕಪ್ಪು ತುಳಿಯುವ ಮೆಷಿನ್ನಿನ ಪಾದದ ಅಂಚನ್ನು ನಂಬದೆ, ಸೂಜಿಯಿಂದ ಅಳೆದು ನಾಲ್ಕೈದು ಪದರ ಮಾಸ್ಕಿಂಗ್ ಟೇಪನ್ನು ಗೋಡೆಯಂತೆ ಅಂಟಿಸಿ. ಬಟ್ಟೆ ಮಡಚಿಕೊಳ್ಳುವ ಜಾಗ ತುಸು ಅಳತೆ ತಿನ್ನುವುದರಿಂದ ಟೇಪು ಕೂದಲೆಳೆಯಷ್ಟು ಸೂಜಿಯ ಕಡೆಗಿರಲಿ.

ಸಲಕರಣೆಯಲ್ಲಿ ದೊಡ್ಡ ಅಪಾಯ ವಿದ್ಯುತ್ತಿನದು. ಅಮೆರಿಕದ್ದು 120 ವೋಲ್ಟ್, ನಮ್ಮದು 230. ತಂದ ಪುಟ್ಟ ಇಸ್ತ್ರಿಪೆಟ್ಟಿಗೆಯನ್ನು ಬರೀ ಪ್ಲಗ್ಗಿನ ಅಡಾಪ್ಟರ್ ಹಾಕಿ ಚುಚ್ಚಿದರೆ ಸುಟ್ಟಂತೆಯೇ ಲೆಕ್ಕ. ಹೊಲಿಗೆ ಮೆಷಿನ್ನಿನ ಲೇಬಲ್ಲಿನಲ್ಲಿ ನೂರು ವಾಟ್ ಒಳಗಿದ್ದರೆ 300 ವಿಎ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಸಾಕು. ದೊಡ್ಡ ಇಸ್ತ್ರಿಗೆ ಬೇಕಾಗುವ ಟ್ರಾನ್ಸ್‌ಫಾರ್ಮರಿನ ಬೆಲೆಗೂ ಭಾರಕ್ಕೂ ಇಲ್ಲೇ ಹೊಸ ಇಸ್ತ್ರಿ ಕೊಳ್ಳುವುದು ವಾಸಿ.

ಕಟಿಂಗ್ ಮ್ಯಾಟನ್ನು ಸುರುಳಿ ಸುತ್ತಿ ತಂದಿದ್ದರೆ ಬೆಚ್ಚಗಿನ ನೆಲದ ಮೇಲೆ ಚಪ್ಪಟೆ ಹಾಸಿ ಮೇಲೆ ಭಾರ ಹೇರಿ, ಇಸ್ತ್ರಿ ಸೋಕಿಸಬೇಡಿ. ಬೇಸಗೆಯಲ್ಲಿ ಕಿಟಕಿಯ ಬಿಸಿಲಿಗೆ ಒರಗಿಸಿಟ್ಟರೆ ಬಾಗಿದ್ದು ಮತ್ತೆ ನೇರವಾಗುವುದು ಕಷ್ಟ. ಸೂಜಿ ಪೊಟ್ಟಣದ ಮೇಲೆ 130/705 ಎಚ್ ಅಥವಾ ಎಚ್‌ಎ×1 ಎಂದಿದ್ದರೆ ಒಂದು ಬದಿ ಚಪ್ಪಟೆ, ಮನೆಯ ಮೆಷಿನ್ನಿಗೆ ಹೊಂದುತ್ತದೆ. ಡಿಬಿ×1 ದುಂಡು ಕಾಲಿನದು, ಗಾರ್ಮೆಂಟ್ಸ್ ಮೆಷಿನ್ನಿಗೆ. ಜೋಡಣೆಗೆ 80/12, ಮೂರು ಪದರ ಸೇರಿಸಿ ಹೊಲಿಯಲು 90/14. ಕೈಹೊಲಿಗೆಯ ಬಿಟ್ವೀನ್ ಎಂಬ ಗಿಡ್ಡ ಸೂಜಿಗೆ ಲೆಕ್ಕ ಉಲ್ಟಾ: ಸಂಖ್ಯೆ ದೊಡ್ಡದಾದಷ್ಟೂ ಸೂಜಿ ಚಿಕ್ಕದು. ಹನ್ನೆರಡರಿಂದ ಶುರು ಮಾಡಿ ಕೈಬಿಟ್ಟವರು ಬಹಳ ಮಂದಿ, ಒಂಬತ್ತು ಹಿಡಿಯಿರಿ. ಟೊಮೆಟೊ ಪಿನ್‌ಕುಷನ್ನಿಗೆ ತೂಗುವ ಪುಟ್ಟ ಸ್ಟ್ರಾಬೆರಿ ಅಲಂಕಾರಕ್ಕಲ್ಲ. ಒಳಗೆ ಎಮರಿ ಪುಡಿ (ಉಜ್ಜುವ ಗಟ್ಟಿ ಖನಿಜದ ಪುಡಿ), ಸೂಜಿ ಚುಚ್ಚಿ ತೆಗೆದರೆ ತುಕ್ಕು ಹೋಗಿ ಮೊನೆ ಬರುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲಕ್ಕೆ ಇದರಷ್ಟು ಉಪಕಾರಿ ಇನ್ನೊಂದಿಲ್ಲ. ‘ಹ್ಯಾಂಡ್ ಕ್ವಿಲ್ಟಿಂಗ್’ ಎಂದು ಬರೆದ ನುಣುಪು ದಾರಕ್ಕೆ ಮೇಲುಲೇಪ ಇರುತ್ತದೆ. ಮೆಷಿನ್ನಿಗೆ ಹಾಕಿದರೆ ಅದು ದಾರವನ್ನು ಬಿಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳ ನಡುವೆ ಕೂತು ಹೊಲಿಗೆ ಕೆಡಿಸುತ್ತದೆ.

ಏನು ತರಲಿ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು 45 ಮಿ.ಮೀ. ಬ್ಲೇಡುಗಳ ಪೊಟ್ಟಣ, ತಿಳಿಬೂದು ಬಣ್ಣದ 50 ನಂಬರಿನ ಹತ್ತಿ ದಾರ, 6×24 ಇಂಚಿನ ಸ್ಕೇಲು. ಬ್ಲೇಡು ಕೈಚೀಲದಲ್ಲಿ ಬೇಡ, ಚೆಕ್‌ಇನ್ ಸಾಮಾನಿನಲ್ಲಿರಲಿ.

ಇಷ್ಟೆಲ್ಲ ಆದ ಮೇಲೆ ಉಳಿಯುವ ಅಳತೆಗೆಟ್ಟ ಹತ್ತಿ ಚೂರುಗಳಿಗೆ ಪುಸ್ತಕವೇ ಬೇಡ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರು ಹೊಲಿಯುವ ಕೌದಿಯ ಕ್ರಮ ಇದಕ್ಕೆಂದೇ ಇದ್ದಂತಿದೆ. ಐದೂವರೆ ಮೀಟರಿನ ಹಳೆ ಹತ್ತಿ ಸೀರೆಯನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿದರೆ ಸುಮಾರು ಆರಡಿ ಉದ್ದ, ಸೀರೆಯ ಪನ್ನಾದಷ್ಟು ಅಗಲದ ಮೂರು ಪದರ ಸಿಗುತ್ತದೆ; ಹತ್ತಿಯ ತುಂಬು ಬೇಕಿಲ್ಲ. ಹೊರ ಅಂಚಿನ ಮೂಲೆಯಿಂದ ಶುರು. ಚೂರಿನ ಅಂಚನ್ನು ಬೆರಳಲ್ಲೇ ಒಳಗೆ ಮಡಚುತ್ತ, ಸಾದಾ ಓಟದ ಹೊಲಿಗೆಯಲ್ಲಿ ಕೌದಿಯನ್ನು ಸುತ್ತುತ್ತ ಸುತ್ತುತ್ತ ನಡುವಿಗೆ ಬರುವುದು. ಸಾಲಿನ ನಡುವೆ ಒಂದು ಬೆರಳು ಅಂತರ. ಚೂರು ಜೋಡಿಸುವುದು, ಪದರ ಸೇರಿಸುವುದು ಒಂದೇ ದಾರದಲ್ಲಿ ಮುಗಿಯುತ್ತದೆ, ಅಂಚು ಮುಚ್ಚುವ ಬೈಂಡಿಂಗ್ ಪಟ್ಟಿಯೂ ಬೇಡ. ಎಳೆತ ಬಿಗಿಯಾದರೆ ನಡುವೆ ಗುಡ್ಡೆ ಏಳುತ್ತದೆ. ಪ್ರತಿ ಸುತ್ತು ಮುಗಿದಾಗ ನೆಲದ ಮೇಲೆ ಹಾಸಿ, ಅಂಗೈಯಲ್ಲಿ ನಡುವಿನಿಂದ ಹೊರಕ್ಕೆ ಸವರಿ ನೋಡಿ. ಗುಡ್ಡೆ ಇದ್ದರೆ ಆ ಸುತ್ತನ್ನಷ್ಟೇ ಬಿಚ್ಚಿದರಾಯಿತು. ಕೊನೆಗೆ ನಾಲ್ಕು ಮೂಲೆಗೆ ಮಡಚಿದ ಪುಟ್ಟ ಚೂರುಗಳು, ಅವರು ಫುಲಾ ಎನ್ನುವುದು. ಅದಕ್ಕೆ ಎರಡಿಂಚಿನ ಖಣದ ತುಂಡೂ ಸಾಕು, ಎಳೆ ಬಿಡುವ ಅಂಚು ಮಡಿಕೆಯೊಳಗೆ ಹೋಗುತ್ತದೆ.